ಕೋವಿಯ ಕುದುರೆ, ತಂಬೂರಿಯ ಕುದುರೆ

ಲಿಂಡ್‌ಹೋಲ್ಮೆನ್ನಿನ ನಮ್ಮ ಮೂರನೇ ಮಹಡಿಯ ಮನೆಗೆ ನೂರೈವತ್ತು ಕಿಲೋ ತೂಕದ ಉಕ್ಕಿನ ಬೀರು ಬಂದಿಳಿದಾಗ ಇಲ್ಲಿನ ಕನ್ನಡಿಗರಲ್ಲಿ ಎರಡು ಪಂಗಡಗಳಾದವು. ನಾನು ಚಿನ್ನ ಕೊಂಡಿದ್ದೇನೆ ಎಂದು ಒಂದು ಪಂಗಡ. ನನ್ನ ಸಂಬಳ ಬಲ್ಲ ಇನ್ನೊಂದು ಪಂಗಡ, ಇರುವ ದುಡ್ಡೆಲ್ಲ ಬೀರುವಿಗೇ ಮುಗಿದಿದೆ, ಒಳಗೇನೂ ಇರಲಾರದು ಎಂದಿತು. ಎರಡನೆಯವರೇ ಸರಿ. ಸ್ವೀಡನ್ನಿನಲ್ಲಿ ಬೇಟೆಯ ರೈಫಲ್ ಇಟ್ಟುಕೊಳ್ಳಬೇಕಾದರೆ ಅದಕ್ಕೆ ಮಾನ್ಯತೆ ಪಡೆದ ಉಕ್ಕಿನ ಬೀರು ಬೇಕು. ಅಗ್ಗಕ್ಕೆ ಸಿಕ್ಕಿತೆಂದು ನಾನು ಮದುವೆಗೆ ಮುಂಚೆ ತೊಟ್ಟಿಲು ಕೊಂಡವನಂತೆ ಅದನ್ನೇ ಮೊದಲು ತಂದಿಟ್ಟೆ. ಆಮೇಲೆ ಎಂಟು ತಿಂಗಳು ರೈಫಲ್ ಆರಿಸಿದೆ. ಅಷ್ಟರೊಳಗೆ ನನ್ನವಳು ಬೀರುವನ್ನು ಖಾಲಿ ಬಿಡುವುದು ಅಶುಭವೆಂದು ಹಪ್ಪಳ, ಸಂಡಿಗೆ, ಇಂಗಿನ ಡಬ್ಬಿಗಳನ್ನು ತುಂಬಿದ್ದಳು. ಸ್ವೀಡನ್ನಿನ ಕಾಡಿನಲ್ಲಿ ಇಂಗಿನ ವಾಸನೆ ಸೂಸುವ ರೈಫಲ್ ನನ್ನದೊಂದೇ ಇರಬೇಕು. ಇಲ್ಲಿನ ದೊಡ್ಡ ಜಿಂಕೆಗಳಾದ ಮೂಸ್‌ಗಳು ನನ್ನ ಹತ್ತಿರ ಸುಳಿಯದಿರುವುದಕ್ಕೆ ಅದೇ ಕಾರಣವೆಂದು ನಾನು ಬಹಳ ದಿನ ನಂಬಿದ್ದೆ.

ಬೇಟೆಗೂ ಲಿಂಡ್‌ಹೋಲ್ಮೆನ್ನಿಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ಕೇಳಬಹುದು. ಗೋಥೆನ್‌ಬರ್ಗ್ ನಗರದ ಯೋತಾ ನದಿಯ ಉತ್ತರ ದಡದಲ್ಲಿ, ಹಿಸಿಂಗೆನ್ ದ್ವೀಪದ ಅಂಚಿನಲ್ಲಿರುವ ಜಾಗ ಇದು. ಗಾಜಿನ ಆಫೀಸುಗಳು, ಚಾಲ್ಮರ್ಸ್ ವಿಶ್ವವಿದ್ಯಾಲಯದ ಒಂದು ಆವರಣ, ಪಕ್ಕದಲ್ಲೇ 246 ಮೀಟರ್ ಎತ್ತರದ ಕಾರ್ಲಾಟೋರ್ನೆಟ್ ಗೋಪುರ. ನದಿ ದಾಟಿಸುವ ದೋಣಿಗೆ ಟಿಕೆಟ್ಟಿಲ್ಲ. ಬೆಳಿಗ್ಗೆ ಆ ಪುಕ್ಕಟೆ ದೋಣಿಯಲ್ಲಿ ನಿಂತರೆ ತೆಲುಗು, ತಮಿಳು, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ಎಲ್ಲರೂ ಕಾರಿಗೆ ಬುದ್ಧಿ ತುಂಬುವ ಕೆಲಸದವರು. ನಮ್ಮ ಕಸುಬಿನ ಗುಟ್ಟೇನೆಂದರೆ ಎರಡನೆಯ ಗುಂಡು. ಇವತ್ತು ತಪ್ಪಾದರೆ ನಾಳೆ ಅಪ್‌ಡೇಟ್ ಕಳಿಸುತ್ತೇವೆ, ಅದೂ ತಪ್ಪಾದರೆ ನಾಡಿದ್ದು ಇನ್ನೊಂದು. ಕಾರು ಮಾರಿದ ಮೇಲೂ ಗಾಳಿಯಲ್ಲೇ ರಿಪೇರಿ.

ಇದೇ ನೆಲದಲ್ಲಿ 19ನೆಯ ಶತಮಾನದ ನಡುಭಾಗದಿಂದ 1970ರ ದಶಕದವರೆಗೆ ಹಡಗು ಕಟ್ಟುತ್ತಿದ್ದರು. ಕಟ್ಟಿದ ಹಡಗನ್ನು ಇಳಿಜಾರಿನಲ್ಲಿ ನೀರಿಗೆ ಜಾರಿಸುವುದು ಒಂದೇ ಸಲ. ಜಾರಿದ ಮೇಲೆ ‘ತಡಿ, ಒಂದು ಬೋಲ್ಟು ಮರೆತೆ’ ಎನ್ನುವಂತಿಲ್ಲ. ಪಕ್ಕದ ಸ್ಲೋಟ್ಸ್‌ಬೆರ್ಯೆಟ್ ಗುಡ್ಡದ ಮೇಲೆ ಆ ಕಾಲದ ಮರದ ಮನೆಗಳು ಇವತ್ತಿಗೂ ಇವೆ. ನಮ್ಮ ಟೀಮಿನ ಹಿರಿಯರೊಬ್ಬರ ತಂದೆ ಆ ಹಡಗುಕಟ್ಟೆಯಲ್ಲಿ ಕೆಲಸ ಮಾಡಿದವರು. 1960ರ ದಶಕದ ಕೊನೆಯಲ್ಲಿ ಈ ದೇಶದವರು ಗೌರವದ ಬಹುವಚನವನ್ನು ಕೈಬಿಟ್ಟರಂತೆ. ಈಗ ಮ್ಯಾನೇಜರನಿಂದ ಮಂತ್ರಿಯವರೆಗೆ ಎಲ್ಲರೂ ‘ನೀನು’. ಅರವತ್ತು ದಾಟಿದ ಆ ಹಿರಿಯರನ್ನು ಸ್ವೀಡಿಷ್‌ನಲ್ಲಿ ‘ನೀನು’ ಎನ್ನುವಾಗಲೆಲ್ಲ ನನ್ನ ನಾಲಿಗೆ ಮನಸ್ಸಿನೊಳಗೆ ಒಂದು ‘ರಿ’ ಸೇರಿಸಿಕೊಳ್ಳುತ್ತದೆ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದರಿಂದ ಅವರನ್ನು ಧಾರಾಳವಾಗಿ ಯಜಮಾನರು ಎನ್ನುತ್ತೇನೆ. ಅವರು ಒಂದು ಬೇಟೆ ತಂಡದ ಮುಖ್ಯಸ್ಥರೂ ಹೌದು.

ಒಂದು ದಿನ ಊಟದ ಹೊತ್ತಿನಲ್ಲಿ ಅವರು ಅಕ್ಟೋಬರಿನ ಎರಡನೆಯ ಸೋಮವಾರ ರಜೆ ಎಂದರು. ಹಬ್ಬವಾ ಎಂದೆ. ಹಬ್ಬಕ್ಕಿಂತ ದೊಡ್ಡದು ಎಂದರು. ಸ್ವೀಡನ್ನಿನ ದಕ್ಷಿಣ ಭಾಗದಲ್ಲಿ ಮೂಸ್ ಬೇಟೆ ಶುರುವಾಗುವ ದಿನ ಅದು. ಉತ್ತರದಲ್ಲಿ ಸೆಪ್ಟೆಂಬರಿನಲ್ಲೇ ಆರಂಭ. ಬೇಟೆಯ ಕ್ರಮ ವಿವರಿಸಿದರು. ಒಬ್ಬೊಬ್ಬರು ಒಂದೊಂದು ಜಾಗದಲ್ಲಿ ಸದ್ದಿಲ್ಲದೆ ಕೂರುವುದು, ನಾಯಿ ಕಾಡು ನುಗ್ಗಿ ಪ್ರಾಣಿಯನ್ನು ಎಬ್ಬಿಸುವುದು, ಬಿದ್ದದ್ದನ್ನು ತಂಡದವರು ಪಾಲು ಹಾಕಿಕೊಳ್ಳುವುದು. ನನಗೆ ಮೈ ಜುಮ್ಮೆಂದಿತು. ಇದು ನಮ್ಮ ತೀರ್ಥಹಳ್ಳಿ ಕಡೆಯ ಹಳೇ ಶಿಕಾರಿಯೇ. ನಾವು ಬಿಲ್ಲಿಗೆ ಕೂರುವುದು ಎನ್ನುತ್ತಿದ್ದುದನ್ನು ಇವರು ‘ಪಾಸ್’ ಎನ್ನುತ್ತಾರೆ, ಅಷ್ಟೇ. ‘ನಮ್ಮಜ್ಜಯ್ಯನ ಹತ್ತಿರ ಒಂಟಿನಳಿಗೆ ಕೋವಿ ಇತ್ತು’ ಎಂದು ಬಾಯಿ ಬಿಟ್ಟೆ. ಆ ಒಂದು ವಾಕ್ಯದ ಖರ್ಚು ಬೀರು ಸೇರಿ ಇವತ್ತಿಗೂ ನಡೆಯುತ್ತಿದೆ.

ಅಜ್ಜಯ್ಯನ ಶಿಕಾರಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಮುಂಚಿನದು. ನನಗೆ ಬುದ್ಧಿ ಬರುವ ಹೊತ್ತಿಗೆ ಕೋವಿಗೆ ಬೆಳೆ ರಕ್ಷಣೆಯ ಲೈಸೆನ್ಸ್ ಮಾತ್ರ ಉಳಿದಿತ್ತು; ಕೆಲಸ ಮಂಗ ಬೆದರಿಸುವುದು. ಅದಕ್ಕೂ ಬಿಡುವು ಸಿಗುತ್ತಿರಲಿಲ್ಲ. ಪಂಚಾಯ್ತಿಯಿಂದ ಪಾರ್ಲಿಮೆಂಟಿನವರೆಗೆ ಯಾವ ಚುನಾವಣೆ ಬಂದರೂ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಡಿಪಾಜಿಟ್ ಇಡಬೇಕು. ಸರ್ಕಾರಗಳು ಪದೇ ಪದೇ ಬಿದ್ದ ವರ್ಷಗಳಲ್ಲಿ ಅದು ನಮ್ಮ ಮನೆಗಿಂತ ಠಾಣೆಯಲ್ಲೇ ಹೆಚ್ಚು ಕಾಲ ಕಳೆಯಿತು. ವಾಪಸು ತಂದಾಗಲೆಲ್ಲ ಅಜ್ಜಯ್ಯ ಅದನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ನಳಿಗೆಗೂ ಮುಂಗೈ ಹಿಡಿಯುವ ಮರಕ್ಕೂ ನಡುವೆ ಅಡಿಕೆ ಹಾಳೆಯ ಒಂದು ಚೂರನ್ನು ಸಿಕ್ಕಿಸುತ್ತಿದ್ದರು. ಯಾಕೆ ಎಂದರೆ ‘ಗಡಗಡ ಅನ್ಬಾರದು ಮಾರಾಯ’ ಎನ್ನುವರು. ತೋಟಾ ಎಷ್ಟು ಕೊಂಡರು ಎನ್ನುವುದು ಲೈಸೆನ್ಸ್ ಪುಸ್ತಕದಲ್ಲಿ ಬರೆದಿರುತ್ತಿತ್ತು. ಆದ್ದರಿಂದ ಅವರು ಗುಂಡು ಹಾರಿಸುವುದೆಂದರೆ ಉಳಿತಾಯದ ಖಾತೆಯಿಂದ ದುಡ್ಡು ತೆಗೆದಂತೆ. ಮೂರು ಸಲ ಗುರಿ ಹಿಡಿದು, ಎರಡು ಸಲ ಇಳಿಸಿ, ಕೊನೆಗೆ ಮಂಗಕ್ಕೆ ಬೈದು ಒಳಗೆ ಬರುವರು.

ಬೇಟೆಗೆ ಬರುತ್ತೇನೆಂದರೆ ಸಾಲದು, ಪರೀಕ್ಷೆ ಪಾಸಾಗಬೇಕು. 1985ರಿಂದ ಈ ದೇಶದಲ್ಲಿ ಬೇಟೆಗಾರರ ಪರೀಕ್ಷೆ ಕಡ್ಡಾಯ. ಕಾನೂನು, ಪ್ರಾಣಿಪಕ್ಷಿಗಳ ಗುರುತು, ಕೋವಿ ಹಿಡಿಯುವ ಶಿಸ್ತು ಎಲ್ಲ ಇರುತ್ತದೆ. ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಬಾತುಕೋಳಿಗಳ ಸ್ವೀಡಿಷ್ ಹೆಸರುಗಳನ್ನು ಉರು ಹೊಡೆದೆ. ಕರು ಜೊತೆಗಿದ್ದರೆ ತಾಯಿಯನ್ನು ಮೊದಲು ಹೊಡೆಯಬಾರದು ಎನ್ನುವುದನ್ನು ಕಲಿತೆ. ಹಳಿಯ ಮೇಲೆ ಓಡುವ ಕಾಗದದ ಮೂಸ್‌ಗೆ 80 ಮೀಟರಿನಿಂದ ಗುಂಡು ಹೊಡೆದೆ. ಎರಡನೆಯ ಯತ್ನದಲ್ಲಿ ಪಾಸಾದೆ.

ಈ ಸುದ್ದಿಯನ್ನು ಇಲ್ಲಿರುವ ಕೊಡಗಿನ ಗೆಳೆಯನಿಗೆ ಹೇಳಿದರೆ ಅವನು ಹೊಟ್ಟೆ ಹಿಡಿದು ನಕ್ಕ. ‘ಪರೀಕ್ಷೆ ಬರೆದು ಕೋವಿ ಹಿಡಿಯೋದಾ?’ ಎಂದ. ಅವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇವತ್ತಿಗೂ ನಡೆದುಬಂದಿದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ. ಅವನು ನಕ್ಕದ್ದರಲ್ಲಿ ತಪ್ಪಿಲ್ಲ. ಆದರೆ ಸ್ವೀಡಿಷ್ ಪೊಲೀಸರ ಮುಂದೆ 1861ರ ಕಾಗದ ನಡೆಯುವುದಿಲ್ಲ ಎಂದು ನಾನೂ ಸ್ವಲ್ಪ ನಕ್ಕೆ.

ಇನ್ನು ಆಯ್ಕೆ. ಯಾವ ರೈಫಲ್ ಬೇಕು ಎಂದು ಯಜಮಾನರು ಕೇಳಿದರು. ಒಂದೇ ಗುಂಡು ತುಂಬುವಂಥದ್ದು ಎಂದೆ. ಅವರು ಕಾಫಿ ಲೋಟ ಕೆಳಗಿಟ್ಟರು. ಇಲ್ಲಿ ಹೆಚ್ಚಿನವರು ನಾಲ್ಕೈದು ತೋಟಾ ಹಿಡಿಯುವ ಬೋಲ್ಟ್ ರೈಫಲ್ ಇಟ್ಟುಕೊಳ್ಳುತ್ತಾರೆ. ಅವರದ್ದೂ ಅಂಥದ್ದೇ, 1894ರಲ್ಲಿ ಸ್ವೀಡನ್ ಮತ್ತು ನಾರ್ವೆ ಒಂದೇ ರಾಜನ ಕೆಳಗಿದ್ದಾಗ ಜೊತೆಯಾಗಿ ಒಪ್ಪಿಕೊಂಡ 6.5 ಮಿ.ಮೀ. ತೋಟಾದ್ದು. ಎರಡು ದೇಶಗಳು 1905ರಲ್ಲಿ ಬೇರೆಯಾದವು, ತೋಟಾ ಮಾತ್ರ ಇವತ್ತಿಗೂ ಅವಿಭಕ್ತ ಕುಟುಂಬ. ‘ಮೊದಲ ಗುಂಡು ತಪ್ಪಿದರೆ?’ ಎಂದರು ಯಜಮಾನರು. ಅಜ್ಜಯ್ಯನ ಮಂಗದ ಕಥೆಯನ್ನು ಸ್ವೀಡಿಷ್‌ಗೆ ತರ್ಜುಮೆ ಮಾಡುವುದು ನನ್ನಿಂದ ಆಗಲಿಲ್ಲ. ಹಟ ಎಂದೆ. ಆ ಪದ ಅವರಿಗೆ ಅರ್ಥವಾಯಿತು.

ಒಂಟಿ ಗುಂಡಿನ ರೈಫಲ್ಲುಗಳಲ್ಲಿ ಮುಖ್ಯವಾಗಿ ಮೂರು ಕುಲ. ಒಂದು, ಅಡಕತ್ತರಿಯ ಹಾಗೆ ನಡು ಮುರಿದು ಬಾಯಿ ತೆರೆಯುವುದು. ಜರ್ಮನರು ಇದನ್ನು ಕಿಪ್‌ಲಾಫ್ ಎನ್ನುತ್ತಾರೆ. ಬ್ಲೇಸರ್ ಕೆ-95, ಮೆರ್ಕೆಲ್ ಕೆ-1 ಈ ಜಾತಿಯವು. ಎರಡೂವರೆ ಕಿಲೋ ಆಸುಪಾಸಿನ ಹೂವಿನಂಥ ತೂಕ, ಬಿಚ್ಚಿದರೆ ಬ್ಯಾಡ್ಮಿಂಟನ್ ಚೀಲದಲ್ಲಿ ಹಿಡಿಸುತ್ತದೆ. ಬೆಲೆ ಕೇಳಿದರೆ ನಿಮ್ಮ ನಡುವೇ ಮುರಿಯುತ್ತದೆ. ಎರಡು, ಫಾಲಿಂಗ್ ಬ್ಲಾಕ್. ಶಾವಿಗೆ ಒರಳಿನ ಹಿಡಿಯಂತೆ ಟ್ರಿಗರಿನ ಕೆಳಗಿರುವ ಸನ್ನೆಯನ್ನು ಒತ್ತಿದರೆ ಉಕ್ಕಿನ ತುಂಡೊಂದು ಸರಕ್ಕನೆ ಕೆಳಗಿಳಿದು ನಳಿಗೆಯ ಹಿಂಬದಿ ತೆರೆದುಕೊಳ್ಳುತ್ತದೆ. ತೋಟಾ ಇಟ್ಟು ಸನ್ನೆ ಮೇಲೆತ್ತಿದರೆ ಬಾಗಿಲು ಭದ್ರ. ಅಮೆರಿಕದ ರೂಗರ್ ನಂಬರ್ ಒನ್ ಈ ಕುಲದ ಪ್ರಸಿದ್ಧ ಕುಡಿ.

ಮೂರನೆಯದು ರೋಲಿಂಗ್ ಬ್ಲಾಕ್, ಹಿಂದಕ್ಕೆ ಉರುಳುವ ಬಾಗಿಲಿನದು. ಸ್ವೀಡನ್ನಿನ ಸೈನ್ಯ 1867ರಲ್ಲಿ 12.17 ಮಿ.ಮೀ.ನ ರೆಮಿಂಗ್ಟನ್ ಮಾದರಿಯನ್ನು ಒಪ್ಪಿಕೊಂಡ ಮೇಲೆ ಹುಸ್ಕ್‌ವಾರ್ನದ ಕಾರ್ಖಾನೆಯಲ್ಲಿ ಅವನ್ನು ಮಾಡುತ್ತಿದ್ದರು. ಸೈನ್ಯ ಮುಂದೆ ಹೊಸ ಮಾದರಿಗೆ ಹೋದಾಗ ಹಳೆಯವು ರೈತರ ಕೈಗೆ ಬಂದು ಬೇಟೆಯ ಕೋವಿಗಳಾದವು. ಹುಸ್ಕ್‌ವಾರ್ನ ಎಂದಾಗ ನನ್ನ ಕಿವಿ ನೆಟ್ಟಗಾಯಿತು. ನಮ್ಮೂರ ಅಡಿಕೆ ತೋಟದಲ್ಲಿ ಹುಲ್ಲು ಹೊಡೆಯುವ ಯಂತ್ರದ ಮೇಲಿರುವ ಹೆಸರದು! 1689ರಲ್ಲಿ ಕೋವಿ ಮಾಡಲು ಶುರುವಾದ ಕಂಪನಿಯಂತೆ. ಅದರ ಲಾಂಛನ ನಳಿಗೆಯ ತುದಿಯಿಂದ ಕಾಣುವ ಗುರಿಕಣ್ಣಿನ ಚಿತ್ರ. ಅದನ್ನು ಕಿರೀಟವೆಂದುಕೊಂಡು ನಮ್ಮಪ್ಪ ಆಯುಧಪೂಜೆಗೆ ಅದರ ಮೇಲೆ ಕುಂಕುಮ ಹಚ್ಚುತ್ತಾರೆ. ತಿಳಿಯದೆಯೇ ಅವರು ಪೂಜೆಯನ್ನು ಸರಿಯಾದ ವಿಳಾಸಕ್ಕೇ ಸಲ್ಲಿಸುತ್ತಿದ್ದರು.

ಹಳೆಯ ರೋಲಿಂಗ್ ಬ್ಲಾಕ್ ಕೈಗೆತ್ತಿಕೊಂಡು ನೋಡಿದೆ. ಅಜ್ಜಯ್ಯನ ಕೋವಿಯಂತೆಯೇ ಹೊರಗೆ ಎದ್ದು ಕಾಣುವ ಕುದುರೆ. ಎಳೆದರೆ ಕಟಕ್ ಎನ್ನುವ ಸದ್ದು ಎದೆಗೆ ಬಂತು. ಆದರೆ ಮೂಸ್‌ಗೆ ಕಾನೂನಿನ ಲೆಕ್ಕವಿದೆ: ಗುಂಡು 10 ಗ್ರಾಂ ಇದ್ದರೆ 100 ಮೀಟರ್ ದೂರದಲ್ಲಿ ಕನಿಷ್ಠ 2000 ಜೂಲ್ ಶಕ್ತಿ ಉಳಿದಿರಬೇಕು, 9 ಗ್ರಾಂ ಇದ್ದರೆ 2700. ಭಾವನೆಗೆ ಜೂಲ್ ಇರುವುದಿಲ್ಲ. ಕೊನೆಗೆ ಥರ್ಟಿ-ಆಟ್-ಸಿಕ್ಸ್ ತೋಟಾದ ಒಂದು ಸೆಕೆಂಡ್ ಹ್ಯಾಂಡ್ ಫಾಲಿಂಗ್ ಬ್ಲಾಕ್ ಮನೆಗೆ ಬಂತು. ಯಾವ ಕಂಪನಿಯದ್ದು ಎಂದು ಕೇಳಬೇಡಿ. ಅಜ್ಜಮ್ಮ ಜನ್ಮದಲ್ಲಿ ಗಂಡನ ಹೆಸರು ಹೇಳಿದವರಲ್ಲ. ಆ ಮರ್ಯಾದೆ ನನ್ನ ರೈಫಲ್ಲಿಗೂ ಇರಲಿ. ನನ್ನವಳು ಹಪ್ಪಳದ ಡಬ್ಬಿಗಳನ್ನು ಕೆಳಗಿಳಿಸುತ್ತ, ‘ಇದರ ಕುದುರೆ ಎಲ್ಲಿ?’ ಎಂದಳು. ಒಳಗೆ ಬಚ್ಚಿಟ್ಟುಕೊಂಡಿದೆ ಎಂದೆ.

ಸಂಸಾರ ಶುರುವಾದ ಮೇಲೆ ಗುಣ ಗೊತ್ತಾಯಿತು. ಮೊದಲ ಶನಿವಾರ ನೂರು ಮೀಟರಿನಿಂದ ಮೂರು ಗುಂಡು ಹೊಡೆದೆ. ಮೂರೂ ಅಂಗೈಯಗಲದಲ್ಲಿ ಬಿದ್ದವು. ಪರವಾಗಿಲ್ಲ ಎಂದುಕೊಂಡೆ. ಮುಂದಿನ ಶನಿವಾರ ಮಳೆ. ಅವೇ ತೋಟಾ, ಅದೇ ನಾನು, ಗುಂಡುಗಳು ಒಂದು ಅಂಗೈ ಬಲಕ್ಕೆ. ದುರ್ಬೀನಿನ ತಿರುಪು ಒಂದು ಕ್ಲಿಕ್ ತಿರುಗಿದರೆ ನೂರು ಮೀಟರಿನಲ್ಲಿ ಒಂದು ಸೆಂಟಿಮೀಟರ್ ಸರಿಯುತ್ತದೆ. ಹತ್ತು ಕ್ಲಿಕ್ ಎಡಕ್ಕೆ ತಿರುಗಿಸಿದೆ. ಮೂರನೆಯ ಶನಿವಾರ ಬಿಸಿಲು. ಗುಂಡುಗಳು ಎಡಕ್ಕೆ ಹೋಗಿ ಕೂತವು. ಹೀಗೆ ನಾನೂ ದುರ್ಬೀನೂ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಸುಮಾರು ತೋಟಾ ಸುಟ್ಟೆವು. ಆಫೀಸಿನಲ್ಲಿ ಕಲಿತ ವಿದ್ಯೆ ಇದೇ ತಾನೆ? ರೋಗ ತಿಳಿಯದಿದ್ದರೂ ಅಪ್‌ಡೇಟ್ ಕಳಿಸುತ್ತಲೇ ಇರುವುದು.

ಯಜಮಾನರು ನನ್ನನ್ನು ಒಬ್ಬ ವಯಸ್ಸಾದ ಕೋವಿ ರಿಪೇರಿಯವರ ಹತ್ತಿರ ಕರೆದೊಯ್ದರು. ಅವರು ಮೊದಲು ಟ್ರಿಗರ್ ತೂಗಿದರು. ಎರಡೂವರೆ ಕಿಲೋ ಎಳೆತ ಇದ್ದದ್ದನ್ನು ಒಂದೂಕಾಲಿಗೆ ಇಳಿಸಿದರು. ಗಟ್ಟಿ ಟ್ರಿಗರ್ ಎಳೆಯುವ ರಭಸಕ್ಕೆ ನೀನೇ ರೈಫಲ್ಲನ್ನು ತಿರುಗಿಸುತ್ತೀಯ, ಗುಂಡಿಗೆ ಬೈಯಬೇಡ ಎಂದರು. ಆಮೇಲೆ ನಳಿಗೆಯ ಕೆಳಗಿನ ಮುಂಗೈ ಮರವನ್ನು ಬಿಚ್ಚಿದರು. ಗುಂಡು ಹೊರಡುವಾಗ ನಳಿಗೆ ಸುಮ್ಮನಿರುವುದಿಲ್ಲವಂತೆ. ಮೀಟಿದ ತಂತಿಯ ಹಾಗೆ ನಡುಗುತ್ತದೆ. ಪ್ರತಿ ಸಲವೂ ಒಂದೇ ರೀತಿ ನಡುಗಿದರೆ ಗುಂಡು ಒಂದೇ ಜಾಗಕ್ಕೆ ಹೋಗುತ್ತದೆ. ಗೋಥೆನ್‌ಬರ್ಗಿನ ಮಳೆಗೆ ಮರ ಉಬ್ಬಿ ನಳಿಗೆಯನ್ನು ಒಂದು ಪಕ್ಕಕ್ಕೆ ಒತ್ತುತ್ತಿತ್ತು, ಬಿಸಿಲಿಗೆ ಬಿಡುತ್ತಿತ್ತು. ಅವರು ಒತ್ತುವ ಕಡೆ ಮರ ಹೆರೆದು, ಮರಕ್ಕೆ ಎಣ್ಣೆ ಉಣಿಸಿ, ಒಂದೇ ಬಿಂದುವಿನಲ್ಲಿ ಸಣ್ಣ ಆಧಾರ ಕೊಡಬೇಕೆಂದರು. ‘ನಿನ್ನ ಹತ್ತಿರ ವಿಸಿಟಿಂಗ್ ಕಾರ್ಡ್ ಇದೆಯಾ?’ ದುಡ್ಡಿನ ವಿಚಾರಕ್ಕೆ ವಿಳಾಸ ಕೇಳುತ್ತಿದ್ದಾರೆಂದುಕೊಂಡು ಕೊಟ್ಟೆ. ಕತ್ತರಿ ತೆಗೆದು ನನ್ನ ಹುದ್ದೆಯ ಹೆಸರಿದ್ದ ಪಟ್ಟಿಯನ್ನು ಕತ್ತರಿಸಿ, ಮಡಚಿ, ಮರಕ್ಕೂ ನಳಿಗೆಗೂ ನಡುವೆ ಸಿಕ್ಕಿಸಿದರು. ಆ ಹುದ್ದೆಯಿಂದ ಯಾರಿಗಾದರೂ ಉಪಯೋಗವಾದದ್ದು ಅದೇ ಮೊದಲು.

ಮನೆಗೆ ಬಂದು ಇದನ್ನು ದೊಡ್ಡ ವಿಜ್ಞಾನವೆಂಬಂತೆ ವಿವರಿಸಿದೆ. ನನ್ನವಳು ಮೈಸೂರಿನವಳು, ಸಂಗೀತದವಳು, ಮೊಟ್ಟೆಯನ್ನೂ ಮುಟ್ಟದವಳು. ಮೂಲೆಯಲ್ಲಿದ್ದ ತಂಬೂರಿ ಎಳೆದುಕೊಂಡು, ‘ಇಲ್ಲಿ ನೋಡ್ರಿ’ ಎಂದಳು. ತಂತಿಗಳು ಹಾಯುವ ಆ ಸಣ್ಣ ಸೇತುವೆಗೆ ಸಂಗೀತದವರು ಕುದುರೆ ಎನ್ನುತ್ತಾರೆ. ಕುದುರೆಯ ಮೇಲೆ ತಂತಿಯಡಿ ಒಂದೆಳೆ ನೂಲು. ಅದರ ಹೆಸರು ಜೀವ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಮೀಟಿದಳು. ಮಂಕಾಗಿ ಟಣ್ ಎನ್ನುತ್ತಿದ್ದ ತಂತಿ ಒಂದು ಜಾಗದಲ್ಲಿ ಝೇಂಕರಿಸಿತು. ‘ಇಷ್ಟಕ್ಕೆ ಅಷ್ಟು ದೂರ ಹೋಗಿ ದುಡ್ಡು ಕೊಟ್ರಾ?’ ಎಂದಳು. ಕೋವಿಯಲ್ಲೂ ಕುದುರೆ, ತಂಬೂರಿಯಲ್ಲೂ ಕುದುರೆ. ನಾನು ಇಷ್ಟು ದಿನ ಲದ್ದಿ ಹೊತ್ತವನು.

ಆಮೇಲೆ ನಾನು ಅಭ್ಯಾಸದ ಕ್ರಮ ಬದಲಿಸಿದೆ. ಮೂರು ಗುಂಡು ಹೊಡೆದರೆ ಎರಡನೆಯದಕ್ಕೂ ಮೂರನೆಯದಕ್ಕೂ ನಳಿಗೆ ಬಿಸಿಯಾಗಿರುತ್ತದೆ. ಕಾಡಿನಲ್ಲಿ ಕೂತವನಿಗೆ ಸಿಗುವುದು ತಣ್ಣಗಿನ ನಳಿಗೆಯ ಮೊದಲ ಗುಂಡು ಮಾತ್ರ. ಹಾಗಾಗಿ ಶನಿವಾರಕ್ಕೊಂದೇ ಗುಂಡು. ಬಸ್ ಹಿಡಿದು ಊರಾಚೆಯ ರೇಂಜಿಗೆ ಹೋಗುವುದು, ಒಂದು ಹೊಡೆಯುವುದು, ಗುರಿಯ ಕಾಗದವನ್ನು ಸುತ್ತಿಕೊಂಡು ಮನೆಗೆ ತರುವುದು, ಮುಂದಿನ ವಾರ ಅದೇ ಕಾಗದವನ್ನು ಮತ್ತೆ ಕಟ್ಟುವುದು. ಇಲ್ಲಿ ಮಕ್ಕಳಿಗೆ ಮಿಠಾಯಿ ಶನಿವಾರ ಮಾತ್ರ ಕೊಡುವ ಪದ್ಧತಿ ಇದೆ, ಲೋರ್ದಾಗ್ಸ್‌ಗೂದಿಸ್ ಅಂತ. ರೇಂಜಿನವರು ನನ್ನ ಗುಂಡಿಗೂ ಅದೇ ಹೆಸರಿಟ್ಟರು. ಹತ್ತು ಶನಿವಾರ, ಹತ್ತು ಗುಂಡು; ಮಳೆಯವು, ಬಿಸಿಲಿನವು, ನೆಗಡಿಯವು ಎಲ್ಲ ಸೇರಿ ಗುರಿಯ ನಡುವಿನಿಂದ ನಾಲ್ಕು ಸೆಂಟಿಮೀಟರ್ ಮೇಲೆ, ಒಂದು ಹೋಳಿಗೆಗಿಂತ ಚಿಕ್ಕ ವೃತ್ತದೊಳಗೆ. ನಾಲ್ಕು ಸೆಂಟಿಮೀಟರ್ ಮೇಲೆ ಬೇಕೆಂದೇ ಇಡುವುದು. ಆಗ ನೂರೈವತ್ತು ಮೀಟರ್ ಆಚೆಗೂ ಗುಂಡು ಹೆಚ್ಚು ಇಳಿಯುವುದಿಲ್ಲ. ಆ ಕಾಗದವನ್ನು ಆಫೀಸಿನ ಗೋಡೆಗೆ ಅಂಟಿಸಿದೆ. ಟೀಮಿನ ಹುಡುಗನೊಬ್ಬ, ‘ಹತ್ತು ವಾರಕ್ಕೆ ಹತ್ತೇ ಟೆಸ್ಟಾ?’ ಎಂದು ಮರುಗಿದ.

ಅಕ್ಟೋಬರ್ ಬಂತು. ಚೀಟಿ ಎತ್ತಿದರು, ನನಗೊಂದು ತೊರೆಯ ಪಕ್ಕದ ಬಿಲ್ಲು ಸಿಕ್ಕಿತು. ನಸುಕಿನಲ್ಲೇ ಹೋಗಿ ಕೂತೆ. ಒಂದು ಗಂಟೆ, ಎರಡು ಗಂಟೆ. ಬೆರಳುಗಳು ನನ್ನವೆಂಬ ನಂಬಿಕೆ ಹೋಯಿತು. ಮನೆಯಿಂದ ಫ್ಲಾಸ್ಕಿನಲ್ಲಿ ಡಿಕಾಕ್ಷನ್ ಕಾಫಿ ತಂದಿದ್ದೆ. ರೈಫಲ್ಲನ್ನು ಪಕ್ಕದ ಬರ್ಚ್ ಮರಕ್ಕೆ ಒರಗಿಸಿ, ಮುಚ್ಚಳಕ್ಕೆ ಕಾಫಿ ಬಗ್ಗಿಸಿ, ಮೊದಲ ಗುಟುಕಿಗೆ ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ನಲವತ್ತು ಮೀಟರಿನಲ್ಲಿ ಮೂಸ್ ನಿಂತಿತ್ತು. ಕಡವೆಯನ್ನು ಬಲ್ಲವರು ಅದರ ಮೇಲೆ ಇನ್ನೊಂದು ಕಡವೆಯನ್ನು ಇಟ್ಟು ಕಲ್ಪಿಸಿಕೊಳ್ಳಬೇಕು. ಅದು ನನ್ನನ್ನು ನೋಡಿತು, ಕಾಫಿಯನ್ನು ನೋಡಿತು. ಗಾಳಿ ಅತ್ತ ಬೀಸಿರಬೇಕು. ಇಂಗೋ ಚಿಕೋರಿಯೋ, ಅದರ ಮೂಗು ಒಮ್ಮೆ ಅರಳಿತು. ಮುಚ್ಚಳ ಕೆಳಗಿಡಲು ನಾನು ಜಾಗ ಹುಡುಕುವುದರೊಳಗೆ ಅದು ತೊರೆ ದಾಟಿ ಪಕ್ಕದ ಬಿಲ್ಲಿನವರ ಗುಂಡಿಗೆ ಸಿಕ್ಕಿತು. ನನ್ನ ಮೊದಲ ಗುಂಡು ತಪ್ಪಲಿಲ್ಲ, ಹೊರಡಲೇ ಇಲ್ಲ.

ಯಜಮಾನರು ಬೈಯಲಿಲ್ಲ. ಬೆಂಕಿಯ ಮೇಲೆ ಸಾಸೇಜ್ ಸುಡುತ್ತ ಒಂದು ಹಡಗಿನ ಕಥೆ ಹೇಳಿದರು. ಸ್ವೀಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ‘ಯೋತೆಬೊರ್ಯ್’ ಹಡಗು ಚೀನಾವರೆಗೆ ಹೋಗಿ, ಚಹಾ, ರೇಷ್ಮೆ, ಪಿಂಗಾಣಿ ಹೇರಿಕೊಂಡು ಅಷ್ಟು ದೂರ ಮರಳಿ ಬಂದು, 1745ರ ಸೆಪ್ಟೆಂಬರ್ 12ರಂದು ಇದೇ ಊರಿನ ಬಂದರಿನ ಬಾಯಲ್ಲಿ ಎಲ್ಲರಿಗೂ ಗೊತ್ತಿದ್ದ ಬಂಡೆಗೆ ಹೊಡೆದು ಮುಳುಗಿತಂತೆ. ‘ನಮ್ಮ ಊರಿನ ಸಂಪ್ರದಾಯ ಇದು, ಬೇಜಾರು ಮಾಡಿಕೊಳ್ಳಬೇಡ’ ಎಂದು ನನ್ನ ಪಾಲಿನ ಮಾಂಸವನ್ನು ಚೀಲಕ್ಕೆ ಹಾಕಿದರು. ಕಾಫಿ ಕುಡಿದವನಿಗೂ ಪಾಲು ಉಂಟು. ನಾನೇ ಕಡುಬು ಬೇಯಿಸಿ, ಹಂದಿ ಸಾರಿನ ಮಸಾಲೆಯಲ್ಲಿ ಮೂಸ್ ಸಾರು ಮಾಡಿ ಕೊಡಗಿನ ಗೆಳೆಯನನ್ನು ಕರೆದೆ. ನನ್ನವಳು ಆ ಹೊತ್ತಿಗೆ ಸರಿಯಾಗಿ ನದಿಯಾಚೆಯ ಗೆಳತಿಯ ಮನೆಗೆ ಪುಕ್ಕಟೆ ದೋಣಿ ಹತ್ತಿದ್ದಳು.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ಅಪ್ಪ ಆಗಷ್ಟೇ ಠಾಣೆಯಿಂದ ಕೋವಿ ಬಿಡಿಸಿಕೊಂಡು ಬಂದಿದ್ದರು. ವಿಸಿಟಿಂಗ್ ಕಾರ್ಡಿನ ಕಥೆ ಹೇಳಿದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

‘ಅದೇನಾ ಅದು?’ ಎಂದರು ಅಪ್ಪ. ‘ಹೋದ ಎಲೆಕ್ಷನ್ನಲ್ಲಿ ಬಿಚ್ಚಿ ಎಣ್ಣೆ ಹಾಕುವಾಗ ಒಳಗಿಂದ ಒಂದು ಹಾಳೆ ಚೂರು ಬಿತ್ತು. ಕಸ ಅಂತ ಒಲೆಗೆ ಹಾಕ್ಬಿಟ್ಟೆ. ಅವತ್ತಿಂದ ಗಡಗಡ ಅಂತಿದೆ.’

‘ಇನ್ನೊಂದು ಸಿಕ್ಕಿಸಿ.’

‘ಎಷ್ಟು ದಪ್ಪದ್ದು?’

‘ಒಂದೊಂದೇ ಇಟ್ಟು ಹೊಡೆದು ನೋಡ್ಬೇಕು ಅಪ್ಪ. ನನಗೆ ಹತ್ತು ಗುಂಡು ಬೇಕಾಯ್ತು.’

‘ಹತ್ತಾ?’ ಎಂದರು ಅಪ್ಪ. ‘ನಿಮ್ಮಜ್ಜಯ್ಯ ಬಿಟ್ಟು ಹೋದ ತೋಟಾ ಇರೋದೇ ಒಂದು. ಅದನ್ನ ಅವರೂ ಹೊಡೀಲಿಲ್ಲ, ನಾನೂ ಹೊಡೆಯಲ್ಲ. ಗಡಗಡ ಅಂದ್ರೆ ಅನ್ಲಿ ಬಿಡು, ಮಂಗಕ್ಕೆ ಅಷ್ಟು ಸದ್ದು ಸಾಕು.’